ಎರಡನೇ ಕೆಲಸವಾಗಿ ನರ್ಸಿಂಗ್: ಫೀಸು ಒಂದನ್ನೇ ನೋಡಿ ಸೇರಬೇಡಿ

ಹತ್ತು ಹದಿನೈದು ವರ್ಷ ಆಫೀಸಿನಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ದುಡಿದವರು ಒಂದು ದಿನ ಇದ್ದಕ್ಕಿದ್ದಂತೆ "ನಾನು ನರ್ಸ್ ಆಗಬಹುದಾ?" ಎಂದು ಕೇಳುತ್ತಾರೆ. ಮನೆಯಲ್ಲಿ ಯಾರದ್ದೋ ಆರೈಕೆಯನ್ನು ತಿಂಗಳುಗಟ್ಟಲೆ ಮಾಡಿದ ಮೇಲೆ ಹುಟ್ಟಿದ ಯೋಚನೆ ಇರಬಹುದು. ಕೆಲಸ ಹೋಗಿರಬಹುದು. ಅಥವಾ ಸುಮ್ನೆ, ಕಂಪ್ಯೂಟರ್ ಮುಂದೆ ಕೂತು ಕೂತು ಸಾಕಾಗಿರಬಹುದು. ಕಾರಣ ಏನೇ ಇರಲಿ, ಆಮೇಲೆ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಕಾಲೇಜುಗಳ ಫೀಸು ಹುಡುಕುವುದು, ಯಾವುದು ಕಡಿಮೆಯೋ ಅದರ ಮೇಲೆ ಬೆರಳಿಡುವುದು.

ಅಲ್ಲೇ ಎಡವುತ್ತಾರೆ. ಹದಿನೆಂಟು ವರ್ಷದವರಿಗೆ ಫೀಸೇ ದೊಡ್ಡ ಖರ್ಚು, ನಿಜ. ಅವರಿಗೆ ಕಳೆದುಕೊಳ್ಳುವ ಸಂಬಳ ಇಲ್ಲ, ಸಾಕಬೇಕಾದವರೂ ಇರುವುದಿಲ್ಲ. ಮೂವತ್ತೈದು ನಲವತ್ತರಲ್ಲಿ ಇರುವವರ ಲೆಕ್ಕ ಬೇರೆ. ಓದುವಷ್ಟು ದಿನ ನಿಂತುಹೋಗುವ ಸಂಬಳವೇ ಅವರ ದೊಡ್ಡ ಖರ್ಚು. ಇದು ಯಾವ ಕಾಲೇಜಿನ ಫೀಸು ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಈಗಿನ ತಿಂಗಳ ಸಂಬಳ 100 ಅಂದುಕೊಳ್ಳಿ, ಯಾವ ದೇಶದ ದುಡ್ಡಾದರೂ ಇರಲಿ. ನರ್ಸ್ ಆದ ಮೇಲೆ ಮೊದಮೊದಲು 90 ಬರುತ್ತದೆ, ಯಾಕೆಂದರೆ ಹೊಸ ಕೆಲಸದಲ್ಲಿ ಕೆಳಗಿನಿಂದಲೇ ಶುರು ಮಾಡಬೇಕು. ಮೊದಲನೇ ದಾರಿ 2 ವರ್ಷದ ಕೋರ್ಸ್, ಒಟ್ಟು ಫೀಸು 600. ಎರಡನೆಯದು 15 ತಿಂಗಳ ಬಿರುಸಿನ ಕೋರ್ಸ್, ಫೀಸು 1500, ಅಂದರೆ ಎರಡೂವರೆ ಪಟ್ಟು. ಮೂರನೆಯದು 4 ವರ್ಷದ ಅಪ್ರೆಂಟಿಸ್‌ಶಿಪ್, ಫೀಸು ಇಲ್ಲ, ಕಲಿಯುವಾಗಲೇ ತಿಂಗಳಿಗೆ 60 ಕೊಡುತ್ತಾರೆ. ಈಗ 4 ವರ್ಷದ ಕೊನೆಗೆ ಕೈಗೆ ಎಷ್ಟು ಬಂತು ನೋಡಿ. ಮೊದಲನೆಯವರು 24 ತಿಂಗಳು ದುಡಿದು 2160 ಗಳಿಸಿ, 600 ಫೀಸು ಕಳೆದು 1560 ಉಳಿಸಿಕೊಂಡರು. ಎರಡನೆಯವರು 33 ತಿಂಗಳು ದುಡಿದರು, 2970 ಬಂತು, 1500 ಕಳೆದರೆ 1470. ಮೂರನೆಯವರಿಗೆ ನೇರವಾಗಿ 2880.

ಫೀಸಿನಲ್ಲಿ 900ರ ಅಂತರ ಇದ್ದ ಮೊದಲ ಎರಡು ದಾರಿಗಳ ಅಂತರ ಕೊನೆಗೆ ಬರೀ 90ಕ್ಕೆ ಇಳಿಯಿತು. ಇನ್ನೊಂದು ವಿಷಯ. ಮೊದಲನೆಯವರು ಓದುತ್ತಲೇ ಅರ್ಧ ಹೊತ್ತಿನ ಕೆಲಸ ಹಿಡಿದು ತಿಂಗಳಿಗೆ 30 ಗಳಿಸಿದ್ದರೆ 720 ಸೇರಿ 2280 ಆಗುತ್ತಿತ್ತು. 15 ತಿಂಗಳ ಕೋರ್ಸಿನಲ್ಲಿ ಆ ಮಾತೇ ಇಲ್ಲ, ಉಸಿರಾಡುವುದಕ್ಕೂ ಪುರುಸೊತ್ತು ಇರುವುದಿಲ್ಲ. ಅಂಕಿ ನಾನು ಉದಾಹರಣೆಗೆ ಇಟ್ಟುಕೊಂಡದ್ದು. ನಿಮ್ಮ ಅಂಕಿ ಹಾಕಿ ಇದೇ ರೀತಿ 4 ವರ್ಷದ ಲೆಕ್ಕ ಬರೆದರೆ ಉತ್ತರ ಬೇರೆ ಬರಬಹುದು. ಸಾಲ ತೆಗೆದಿದ್ದರೆ ಬಡ್ಡಿಯನ್ನೂ ಸೇರಿಸಿ. ಆದರೆ ಲೆಕ್ಕ ಬರೆಯದೆ ಯಾವ ಕಾಲೇಜಿಗೂ ಅರ್ಜಿ ಹಾಕಬೇಡಿ.

ಈ ವಯಸ್ಸಿನಲ್ಲಿ ಹೋದರೆ ಜನ ಏನಂದುಕೊಳ್ತಾರೆ ಎಂಬ ಅಳುಕು ಇರುವವರಿಗೆ ಒಂದು ಮಾತು. ಈ ವೃತ್ತಿ ಕಟ್ಟಿದವರಲ್ಲೇ ತಡವಾಗಿ ಬಂದವರು ಇದ್ದಾರೆ. ಕ್ಲಾರಾ ಬಾರ್ಟನ್ ಮೊದಲು ಶಾಲೆಯ ಟೀಚರ್, ಆಮೇಲೆ ಅಮೆರಿಕದ ಪೇಟೆಂಟ್ ಆಫೀಸಿನಲ್ಲಿ ಕ್ಲರ್ಕ್. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ಅವರಿಗೆ 39. ಗಾಯಾಳುಗಳ ಆರೈಕೆಗೆ ಇಳಿದದ್ದು ಆಗ. ಅಮೆರಿಕನ್ ರೆಡ್ ಕ್ರಾಸ್ ಶುರು ಮಾಡಿದ್ದು 1881ರಲ್ಲಿ, 59ನೇ ವಯಸ್ಸಿನಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ತರಬೇತಿ ಪಡೆದದ್ದು 1851ರಲ್ಲಿ, 31 ತುಂಬಿದ ಮೇಲೆ. ಅವರ ಹೆಸರಿನ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ಶಾಲೆಯಲ್ಲಿ ಕಲಿಯುವವರಿಗೆ ಊಟ, ವಸತಿ, ಜೊತೆಗೆ ವರ್ಷಕ್ಕೆ 10 ಪೌಂಡ್ ಕೊಡುತ್ತಿದ್ದರು. ಅಂದರೆ ಕಲಿಯುವಾಗಲೇ ಸಂಬಳ ಎನ್ನುವುದು ಹೊಸ ಸ್ಕೀಮ್ ಏನಲ್ಲ. ಆಧುನಿಕ ನರ್ಸಿಂಗ್ ಶಿಕ್ಷಣ ಶುರುವಾದದ್ದೇ ಹಾಗೆ. ಮಧ್ಯದಲ್ಲಿ ಕಾಲೇಜು, ಪದವಿ, ಫೀಸು ಎಲ್ಲ ಬಂದು ಆ ಪದ್ಧತಿ ಬಹಳ ಕಡೆ ಮರೆಯಾಯಿತು. ಈಗ ಕೆಲವು ಕಡೆ ಮತ್ತೆ ಬರುತ್ತಿದೆ.

ಮತ್ತೆ ಬರುವುದಕ್ಕೆ ಕಾರಣ ಜನ ಸಾಲದಿರುವುದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಬೇಕಾಗಿದ್ದರು. ಶಾಲೆಯಿಂದ ನೇರ ಬರುವವರಿಂದ ಮಾತ್ರ ಈ ಕೊರತೆ ತುಂಬುವುದಿಲ್ಲ ಎಂದು ಗೊತ್ತಾದ ದೇಶಗಳು ದೊಡ್ಡವರಿಗೂ ಬಾಗಿಲು ತೆರೆದಿವೆ.

ಸಂಬಳ ಕೊಟ್ಟು ಕಲಿಸುವುದರಲ್ಲಿ ಜರ್ಮನಿಯ ಪದ್ಧತಿ ನನಗೆ ಎಲ್ಲಕ್ಕಿಂತ ನೇರವಾಗಿ ಕಾಣುತ್ತದೆ. ಅಲ್ಲಿ ನರ್ಸಿಂಗ್ ಬಹುಪಾಲು ಒಂದು ಔಸ್‌ಬಿಲ್ಡುಂಗ್, ಅಂದರೆ ಕೆಲಸ ಮಾಡುತ್ತಾ ಕಲಿಯುವ ತರಬೇತಿ. 2020ರ ಜನವರಿಯಲ್ಲಿ ಬಂದ ಹೊಸ ಕಾನೂನಿನ ಪ್ರಕಾರ 3 ವರ್ಷ. ತರಗತಿ ಪಾಠ 2100 ಗಂಟೆ, ವಾರ್ಡ್ ಕೆಲಸ 2500 ಗಂಟೆ. ಶಾಲಾ ಫೀಸು ಇಲ್ಲ. ನಿಮ್ಮ ಒಪ್ಪಂದ ಆಗುವುದು ಆಸ್ಪತ್ರೆ ಅಥವಾ ವೃದ್ಧರ ಆರೈಕೆ ಕೇಂದ್ರದ ಜೊತೆ, ಅವರೇ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ. ಸರ್ಕಾರಿ ವೇತನ ಒಪ್ಪಂದಕ್ಕೆ ಒಳಪಟ್ಟ ಆಸ್ಪತ್ರೆಗಳಲ್ಲಿ ಮೊದಲ ವರ್ಷವೇ ತಿಂಗಳಿಗೆ 1300 ಯೂರೋಗಿಂತ ಜಾಸ್ತಿ. ಅಲ್ಲೇ ಇದ್ದು ಕೆಲಸ ಕಳೆದುಕೊಂಡವರಿಗೆ ಉದ್ಯೋಗ ಇಲಾಖೆಯೇ ಮರುತರಬೇತಿ ಎಂದು ಮೂರೂ ವರ್ಷದ ಖರ್ಚು ಹೊರುವ ವ್ಯವಸ್ಥೆ ಸಹ ಇದೆ. ಹೊರದೇಶದಿಂದ ಹೋಗುವವರಿಗೆ ಅಡ್ಡ ಬರುವುದು ಭಾಷೆ. ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಹೆಚ್ಚುಕಡಿಮೆ ಸರಾಗವಾಗಿ ಮಾತಾಡುವಷ್ಟು ಜರ್ಮನ್ ಕೇಳುತ್ತಾರೆ, ಕೆಲವು ಕಡೆ ಅದಕ್ಕಿಂತ ಒಂದು ಮಟ್ಟ ಕೆಳಗಿನ ಬಿ1ಗೆ ಒಪ್ಪುತ್ತಾರೆ. ಭಾಷೆ ಕಲಿಯುವ ಆ ತಿಂಗಳುಗಳಲ್ಲಿ ಕಳೆದುಕೊಳ್ಳುವ ಸಂಬಳವನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಬೇಕು, ಏಜೆಂಟರು ಇದನ್ನು ಸೇರಿಸಿ ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ನರ್ಸಿಂಗ್ ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂತ ಇದೆ. ಸಾಮಾನ್ಯವಾಗಿ 4 ವರ್ಷ. ಕೊನೆಗೆ ಸಿಗುವುದು ಬೇರೆಯವರಿಗೆ ಸಿಗುವ ಅದೇ ಡಿಗ್ರಿ, ಅದೇ ನೋಂದಣಿ. ಫೀಸನ್ನು ಅಪ್ರೆಂಟಿಸ್ ಕಟ್ಟುವಂತಿಲ್ಲ. ತೊಂದರೆ ಏನೆಂದರೆ ಈ ಸೀಟುಗಳು ಹೆಚ್ಚಾಗಿ ಈಗಾಗಲೇ ಆ ಆಸ್ಪತ್ರೆಯಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿರುವವರಿಗೆ ಹೋಗುತ್ತವೆ. ಹಾಗಾಗಿ ಹೊರಗಿನವರು ಮೊದಲು ಆ ಸಣ್ಣ ಕೆಲಸಕ್ಕೆ ಸೇರಬೇಕು, ಒಂದೆರಡು ವರ್ಷ ಕಾಯಬೇಕು, ಆಮೇಲೆ ಒಳಗಿನಿಂದ ಅರ್ಜಿ ಹಾಕಬೇಕು. ನಿಧಾನದ ದಾರಿ. ಆದರೆ ಕೈಯಿಂದ ಒಂದು ಕಾಸು ಬಿಚ್ಚದ ದಾರಿ.

ಅಪ್ರೆಂಟಿಸ್ ಆಗದೆ ನೇರ ಡಿಗ್ರಿಗೆ ಹೋದರೂ ಅಲ್ಲಿ ಕೈಹಿಡಿಯುವ ದುಡ್ಡು ಇದೆ. ಇಂಗ್ಲೆಂಡಿನಲ್ಲಿ 2017ರಲ್ಲಿ ಹಳೆಯ ಬರ್ಸರಿ, ಅಂದರೆ ವಿದ್ಯಾರ್ಥಿವೇತನ, ತೆಗೆದುಹಾಕಿದರು, ಅರ್ಜಿ ಹಾಕುವವರು ಕಡಿಮೆಯಾದರು, 2020ರ ಸೆಪ್ಟೆಂಬರಿನಿಂದ ವರ್ಷಕ್ಕೆ 5000 ಪೌಂಡ್ ಸಹಾಯಧನ ತಂದರು. ತಿರುಗಿ ಕೊಡಬೇಕಾಗಿಲ್ಲ. ಮಕ್ಕಳಿರುವವರಿಗೆ ಇನ್ನೂ 2000. ಸ್ಕಾಟ್ಲೆಂಡಿನಲ್ಲಿ ಫೀಸು ಸರ್ಕಾರವೇ ಕಟ್ಟಿ ಮೇಲೆ ವರ್ಷಕ್ಕೆ 10,000 ಪೌಂಡ್ ಕೊಡುತ್ತದೆ. ವೇಲ್ಸ್‌ನಲ್ಲಿ ಫೀಸು ಇಲ್ಲ, ಬದಲಿಗೆ ಓದಿದ ಮೇಲೆ ಅಲ್ಲೇ ಎರಡು ವರ್ಷ ಕೆಲಸ ಮಾಡುವ ಮಾತು ಕೊಡಬೇಕು. ಇದೆಲ್ಲ ಅಲ್ಲಿಯ ನಿವಾಸಿಗಳಿಗೆ, ಸ್ಟೂಡೆಂಟ್ ವೀಸಾದಲ್ಲಿ ಹೋಗುವವರಿಗಲ್ಲ. ಇನ್ನೊಂದು ಸಣ್ಣ ನಿಯಮ ಎರಡನೇ ಕೆಲಸದವರಿಗೆ ದೊಡ್ಡದು. ಇಂಗ್ಲೆಂಡಿನಲ್ಲಿ ಒಮ್ಮೆ ಡಿಗ್ರಿ ಮಾಡಿದವರಿಗೆ ಎರಡನೇ ಡಿಗ್ರಿಗೆ ಸರ್ಕಾರಿ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ, ಆದರೆ ನರ್ಸಿಂಗ್‌ಗೆ ವಿನಾಯಿತಿ ಇದೆ.

ಅಮೆರಿಕದಲ್ಲಿ ಇದೇ ವಿಷಯ ಉಲ್ಟಾ. ಬಡವರಿಗೆ ಸಿಗುವ ಪೆಲ್ ಗ್ರ್ಯಾಂಟ್ ಮೊದಲ ಡಿಗ್ರಿಗೆ ಮಾತ್ರ. ಹದಿನೈದು ವರ್ಷದ ಹಿಂದೆ ಯಾವುದೋ ಬಿ.ಎ. ಮುಗಿಸಿದ್ದರೆ, ಈಗ ಕೈಯಲ್ಲಿ ಕಾಸಿಲ್ಲದಿದ್ದರೂ, ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಡಿಗ್ರಿ ಇದ್ದದ್ದೇ ತಪ್ಪಾಯಿತಾ ಅನ್ನಿಸುತ್ತದೆ, ಅಲ್ವಾ? ಆದರೆ ಅಲ್ಲಿ ಬೇರೆ ಒಂದು ಒಳ್ಳೆಯ ವ್ಯವಸ್ಥೆ ಇದೆ. ಅದಕ್ಕೆ ಏಣಿ ಅನ್ನಬಹುದು.

ಏಣಿಯ ಮೊದಲ ಮೆಟ್ಟಿಲು ನರ್ಸಿಂಗ್ ಅಸಿಸ್ಟೆಂಟ್. ಕೇಂದ್ರ ನಿಯಮದ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ, ಅದರಲ್ಲಿ 16 ಗಂಟೆ ಕೈಯಾರೆ ಮಾಡಿ ಕಲಿಯುವುದು. ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ. ಮೆಡಿಕೇರ್ ಅಥವಾ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ದುಡ್ಡು ಪಡೆಯುವ ನರ್ಸಿಂಗ್ ಹೋಮ್ ನಿಮಗೆ ಮೊದಲೇ ಕೆಲಸ ಕೊಟ್ಟಿದ್ದರೆ ಈ ತರಬೇತಿಗೆ ನಿಮ್ಮಿಂದ ಏನೂ ವಸೂಲಿ ಮಾಡುವಂತಿಲ್ಲ. ನೀವೇ ಫೀಸು ಕಟ್ಟಿ ಕಲಿತು, 12 ತಿಂಗಳ ಒಳಗೆ ಅಂಥ ಕಡೆ ಕೆಲಸಕ್ಕೆ ಸೇರಿದರೂ ಆ ದುಡ್ಡು ವಾಪಸ್ ಸಿಗಬೇಕು. ಬಹಳ ಜನ ಇದನ್ನು ಕೇಳುವುದೇ ಇಲ್ಲ, ಕಟ್ಟಿದ್ದು ಕಟ್ಟಿದ್ದೇ ಎಂದು ಬಿಟ್ಟುಬಿಡುತ್ತಾರೆ. ಎರಡನೇ ಮೆಟ್ಟಿಲು ಪ್ರಾಕ್ಟಿಕಲ್ ನರ್ಸ್, ಸುಮಾರು 1 ವರ್ಷ. ಮೂರನೆಯದು ಕಮ್ಯುನಿಟಿ ಕಾಲೇಜಿನ 2 ವರ್ಷದ ಅಸೋಸಿಯೇಟ್ ಡಿಗ್ರಿ.

ಈ ಎರಡು ವರ್ಷದ ಡಿಗ್ರಿಯ ಕಥೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಬರ ಬಂದಾಗ ಮಿಲ್ಡ್ರೆಡ್ ಮೊಂಟಾಗ್ ಎಂಬವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಈ ಯೋಚನೆ ಮುಂದಿಟ್ಟರು. 1952ರಲ್ಲಿ ಪ್ರಯೋಗ ಶುರುವಾಯಿತು. ಆಸ್ಪತ್ರೆಯ ಹಾಸ್ಟೆಲ್‌ನಲ್ಲಿ ಮೂರು ವರ್ಷ ಇದ್ದು ಕಲಿಯಲಾಗದ, ಮದುವೆಯಾದ, ಮಕ್ಕಳಿರುವ, ವಯಸ್ಸು ಸ್ವಲ್ಪ ಹೆಚ್ಚಾದವರೂ ಇದರಿಂದ ಒಳಗೆ ಬರುವಂತಾಯಿತು. ಇವತ್ತಿಗೂ 2 ವರ್ಷದ ಡಿಗ್ರಿಯವರೂ 4 ವರ್ಷದವರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್-ಆರ್‌ಎನ್. ಪಾಸಾದರೆ ಇಬ್ಬರೂ ರಿಜಿಸ್ಟರ್ಡ್ ನರ್ಸ್. ದೊಡ್ಡ ಆಸ್ಪತ್ರೆಗಳು 4 ವರ್ಷದ ಡಿಗ್ರಿ ಕೇಳುತ್ತವೆ ಎನ್ನುವುದು ನಿಜ. ನ್ಯೂಯಾರ್ಕ್ ರಾಜ್ಯವಂತೂ 2017ರ ಕಾನೂನಿನಲ್ಲಿ ಹೊಸ ನರ್ಸ್‌ಗಳು 10 ವರ್ಷದೊಳಗೆ ಆ ಡಿಗ್ರಿ ಮುಗಿಸಬೇಕು ಎಂದಿತು. ಆದರೆ ಅದನ್ನು ಕೆಲಸ ಮಾಡುತ್ತಾ ಆನ್‌ಲೈನ್‌ನಲ್ಲಿ ಒಂದೆರಡು ವರ್ಷದಲ್ಲಿ ಮುಗಿಸಬಹುದು. ಎಷ್ಟೋ ಆಸ್ಪತ್ರೆಗಳು ಆ ಫೀಸನ್ನು ತಾವೇ ಕೊಡುತ್ತವೆ, ವರ್ಷಕ್ಕೆ 5250 ಡಾಲರ್‌ವರೆಗೆ ಹಾಗೆ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ.

ಏಣಿಯ ಗುಣ ಇದು. ಪ್ರತಿ ಮೆಟ್ಟಿಲಿನಲ್ಲೂ ಒಂದು ಲೈಸೆನ್ಸ್ ಅಥವಾ ಸರ್ಟಿಫಿಕೇಟ್ ಇರುತ್ತದೆ, ಅದರ ಮೇಲೆ ದುಡಿಯಬಹುದು. ಮನೆಯಲ್ಲಿ ಏನಾದರೂ ಆಗಿ ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೂ ಬರಿಗೈಯಲ್ಲಿ ಹೊರಬರುವುದಿಲ್ಲ. 4 ವರ್ಷದ ಕೋರ್ಸನ್ನು ಮೂರನೇ ವರ್ಷದಲ್ಲಿ ಬಿಟ್ಟವರ ಕೈಯಲ್ಲಿ ಸಾಲದ ಕಾಗದ ಬಿಟ್ಟು ಬೇರೇನೂ ಇರುವುದಿಲ್ಲ. ನಲವತ್ತರ ಹೊತ್ತಿಗೆ ಬದುಕಿನಲ್ಲಿ ಇಂಥ "ಏನಾದರೂ" ಆಗುವ ಸಾಧ್ಯತೆ ಜಾಸ್ತಿ, ಅದಕ್ಕೇ ನಾನು ಏಣಿಯ ಪರ. ಇಂಗ್ಲೆಂಡಿನಲ್ಲಿ 2019ರಿಂದ ನೋಂದಣಿ ಸಿಗುವ ನರ್ಸಿಂಗ್ ಅಸೋಸಿಯೇಟ್ 2 ವರ್ಷದ ಇಂಥದ್ದೇ ಮೆಟ್ಟಿಲು. ಆಸ್ಟ್ರೇಲಿಯಾದಲ್ಲಿ ಒಂದೂವರೆ ಎರಡು ವರ್ಷದ ಡಿಪ್ಲೊಮಾ ಮಾಡಿದರೆ ಎನ್‌ರೋಲ್ಡ್ ನರ್ಸ್, ಅಂದರೆ ರಿಜಿಸ್ಟರ್ಡ್ ನರ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ 3 ವರ್ಷದ ಡಿಗ್ರಿಗೆ ಸೇರಿದಾಗ ಕಲಿತದ್ದಕ್ಕೆ ಓದಿನ ಅವಧಿಯಲ್ಲಿ ರಿಯಾಯಿತಿ ಸಿಗುತ್ತದೆ. ಅಲ್ಲಿ 2025ರ ಜುಲೈನಿಂದ, ಆದಾಯ ಕಡಿಮೆ ಇರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಸ್ಪತ್ರೆ ಪೋಸ್ಟಿಂಗ್ ಇರುವ ವಾರಗಳಲ್ಲಿ ವಾರಕ್ಕೆ 300 ಡಾಲರಿಗೂ ಮೀರಿ ಕೊಡಲು ಶುರು ಮಾಡಿದ್ದಾರೆ. ಕೊನೆಗೂ ಯಾರಿಗೋ ಅರ್ಥವಾಯಿತು.

ಭಾರತದಲ್ಲಿ ಏಣಿ ಇದೆ, ಆದರೆ ವಯಸ್ಸಿನ ಗೇಟೂ ಇದೆ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್) 2 ವರ್ಷ, ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಜಿಎನ್‌ಎಂ ಮುಗಿಸಿ ನೋಂದಣಿ ಆದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಬಿಎಸ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಪಾಸಾಗಿ 40 ಪರ್ಸೆಂಟ್ ಇರಬೇಕು. ಆದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಜಿಎನ್‌ಎಂಗೆ 35 ವರ್ಷದ ಮಿತಿ ಇಟ್ಟಿದೆ, ಎಎನ್‌ಎಂ ಮಾಡಿದವರಿಗೆ ಮಾತ್ರ ಆ ಮಿತಿ ಇಲ್ಲ. ಹಾಗಾಗಿ 33, 34ರಲ್ಲಿ ಇರುವವರು "ಮುಂದಿನ ವರ್ಷ ನೋಡೋಣ" ಎನ್ನುವುದು ಅಲ್ಲಿ ದುಬಾರಿ ಮಾತು. ಈಗಾಗಲೇ ಬಿ.ಕಾಂ. ಆಗಿದೆ, ಎಂಬಿಎ ಆಗಿದೆ ಎಂದರೆ ಒಂದು ವರ್ಷವೂ ಕಡಿಮೆಯಾಗುವುದಿಲ್ಲ. ಪಿಯುಸಿ ಮುಗಿಸಿದವರ ಜೊತೆ ಅದೇ ಬೆಂಚಿನಲ್ಲಿ ಕೂರಬೇಕು.

ಪದವಿ ಇದ್ದದ್ದಕ್ಕೆ ಬೆಲೆ ಕೊಡುವ ವ್ಯವಸ್ಥೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ಬೇರೆ ವಿಷಯದ ಡಿಗ್ರಿ ಇದ್ದವರಿಗೆ 11ರಿಂದ 18 ತಿಂಗಳ ಬಿಎಸ್‌ಎನ್, ಅಂದರೆ ಅಲ್ಲಿಯ ನರ್ಸಿಂಗ್ ಡಿಗ್ರಿ, ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲಿ 2 ವರ್ಷದ ಮಾಸ್ಟರ್ಸ್. ಕೇಳಲು ಚೆನ್ನಾಗಿದೆ. ನನ್ನ ಅನುಮಾನ ಮೇಲಿನ ಲೆಕ್ಕದಲ್ಲೇ ಇದೆ, ಫೀಸು ಜಾಸ್ತಿ, ಮಧ್ಯೆ ದುಡಿಮೆ ಇಲ್ಲ. ಉಳಿತಾಯ ಇದ್ದವರಿಗೆ, ಅಥವಾ ಮನೆಯಲ್ಲಿ ಇನ್ನೊಬ್ಬರ ಸಂಬಳ ಇರುವವರಿಗೆ ಸರಿ. ಬ್ರಿಟನ್ನಿನ ವಿಷಯದಲ್ಲಿ ಒಂದು ಒಳಗುಟ್ಟು ಇದೆ. ನರ್ಸ್ ಆಗಲು ಅಲ್ಲಿ ಒಟ್ಟು 4600 ಗಂಟೆ ಬೇಕು, ಆದರೆ ಹಿಂದಿನ ಓದು ಮತ್ತು ಅನುಭವವನ್ನು ನೋಡಿ ಅರ್ಧದವರೆಗೆ ಬಿಟ್ಟುಕೊಡಲು ನಿಯಮದಲ್ಲಿ ಅವಕಾಶ ಇದೆ. ಕಾಲೇಜು ತಾನಾಗಿ ಹೇಳುವುದಿಲ್ಲ. ಕೇಳಬೇಕು, ಹಳೆಯ ಅಂಕಪಟ್ಟಿ, ಅನುಭವ ಪತ್ರ ಇಟ್ಟುಕೊಂಡು ಕೇಳಬೇಕು.

ಇನ್ನು ಬಾಂಡ್. ನಾವು ಓದಿಸುತ್ತೇವೆ, ನೀವು ಇಷ್ಟು ವರ್ಷ ನಮ್ಮಲ್ಲಿ ಕೆಲಸ ಮಾಡಿ ಎನ್ನುವ ಒಪ್ಪಂದ. ಅಮೆರಿಕದ ನರ್ಸ್ ಕೋರ್ ಇದರ ದೊಡ್ಡ ಸರ್ಕಾರಿ ರೂಪ. ನರ್ಸ್‌ಗಳ ಕೊರತೆ ಇರುವ ಕಡೆ 2 ವರ್ಷ ಕೆಲಸ ಮಾಡಿದರೆ ನರ್ಸಿಂಗ್ ಓದಿನ ಸಾಲದಲ್ಲಿ 60 ಪರ್ಸೆಂಟ್ ಅವರೇ ತೀರಿಸುತ್ತಾರೆ, ಮೂರನೇ ವರ್ಷವೂ ಮುಂದುವರಿದರೆ ಇನ್ನೂ 25. ಎಲ್ಲರಿಗೂ ಸಿಗುವುದಿಲ್ಲ, ಅರ್ಜಿ ಹಾಕಿ ಆಯ್ಕೆಯಾಗಬೇಕು. ಖಾಸಗಿ ಆಸ್ಪತ್ರೆಗಳ ಬಾಂಡ್‌ಗಳಲ್ಲಿ ಒಳ್ಳೆಯವೂ ಇವೆ, ಕುತ್ತಿಗೆಗೆ ಉರುಳಾಗುವಂಥವೂ ಇವೆ. ಸಹಿ ಹಾಕುವ ಮುಂಚೆ ನಾಲ್ಕು ವಿಷಯ ಬರಹದಲ್ಲಿ ಇದೆಯಾ ನೋಡಿ. ವರ್ಷದ ಲೆಕ್ಕ ಯಾವ ದಿನದಿಂದ ಶುರು, ಕೋರ್ಸ್ ಮುಗಿದ ದಿನದಿಂದಲೋ ಲೈಸೆನ್ಸ್ ಬಂದ ದಿನದಿಂದಲೋ? ಪರೀಕ್ಷೆಯಲ್ಲಿ ಫೇಲಾದರೆ ಏನು? ಅರ್ಧ ಅವಧಿ ಮುಗಿಸಿ ಬಿಟ್ಟರೆ ಅರ್ಧ ಕೊಟ್ಟರೆ ಸಾಕೋ, ಪೂರ್ತಿ ಕೊಡಬೇಕೋ? ಮೂಲ ಸರ್ಟಿಫಿಕೇಟ್ ಅವರ ಹತ್ತಿರ ಇಟ್ಟುಕೊಳ್ಳುತ್ತಾರಾ? ಕೊನೆಯದಕ್ಕೆ ಹೌದು ಎಂದರೆ ಅಲ್ಲಿಂದ ಎದ್ದು ಬನ್ನಿ.

ಕಡಿಮೆ ದುಡ್ಡಿಗೆ, ಕಡಿಮೆ ದಿನದಲ್ಲಿ, ಕ್ಲಾಸಿಗೇ ಬರದೆ ನರ್ಸ್ ಆಗಬಹುದು ಎನ್ನುವವರಿಂದಲೂ ದೂರ ಇರಿ. 2023ರ ಜನವರಿಯಲ್ಲಿ ಅಮೆರಿಕದಲ್ಲಿ ಆಪರೇಷನ್ ನೈಟಿಂಗೇಲ್ ಎಂಬ ತನಿಖೆ ಹೊರಬಂತು. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7600ಕ್ಕೂ ಹೆಚ್ಚು ಸುಳ್ಳು ಡಿಪ್ಲೊಮಾ ಮತ್ತು ಅಂಕಪಟ್ಟಿ ಮಾರಿದ್ದರು. 25 ಜನರ ಮೇಲೆ ಕೇಸಾಯಿತು. ಕೊಂಡವರಲ್ಲಿ ಕೆಲವರು ಪರೀಕ್ಷೆಯೂ ಪಾಸಾಗಿ ಆಸ್ಪತ್ರೆಗಳಲ್ಲಿ ಕೆಲಸಕ್ಕೂ ಸೇರಿದ್ದರು, ಆಮೇಲೆ ಲೈಸೆನ್ಸ್‌ಗೆ ಕುತ್ತು ಬಂತು. ಇಷ್ಟು ದೊಡ್ಡ ಮೋಸ ಅಪರೂಪ. ದಿನವೂ ಆಗುವುದು ಸಣ್ಣದು, ಕಾಲೇಜು ನಿಜವಾಗಿ ಇರುತ್ತದೆ, ಪಾಠವೂ ಆಗುತ್ತದೆ, ಆದರೆ ಆ ಕೋರ್ಸಿಗೆ ಮಾನ್ಯತೆ ಇರುವುದಿಲ್ಲ. "ನರ್ಸಿಂಗ್ ಕೇರ್", "ಬೆಡ್‌ಸೈಡ್ ಅಸಿಸ್ಟೆಂಟ್" ಎಂದು ಹೆಸರಿಟ್ಟ ಆರು ತಿಂಗಳ ಕೋರ್ಸ್ ಮಾಡಿ ನೀಲಿ ಯೂನಿಫಾರ್ಮ್ ಹಾಕಿಕೊಂಡವರು ನರ್ಸ್ ಅಲ್ಲ. ಕೌನ್ಸಿಲ್ ನೋಂದಣಿ ಸಿಗುವುದಿಲ್ಲ. ಅದು ಕೆಟ್ಟ ಕೆಲಸ ಅಂತ ಅಲ್ಲ, ನರ್ಸ್ ಎಂದುಕೊಂಡು ಸೇರಬೇಡಿ ಅಷ್ಟೇ. ಯಾವ ದೇಶದಲ್ಲಾದರೂ ನರ್ಸಿಂಗ್ ಕೌನ್ಸಿಲ್ ಅಥವಾ ಬೋರ್ಡ್ ಮಾನ್ಯತೆ ಇರುವ ಕಾಲೇಜುಗಳ ಪಟ್ಟಿ ಇಟ್ಟಿರುತ್ತದೆ. ಕಾಲೇಜಿನವರು ತೋರಿಸುವ ಕಾಗದವನ್ನಲ್ಲ, ಆ ಪಟ್ಟಿಯನ್ನೇ ತೆಗೆದು ನೋಡಿ. ಅಮೆರಿಕದಲ್ಲಾದರೆ ಬಹಳ ರಾಜ್ಯಗಳ ಬೋರ್ಡ್ ಪ್ರತಿ ಕಾಲೇಜಿನಿಂದ ಎಷ್ಟು ಜನ ಮೊದಲ ಸಲಕ್ಕೇ ಎನ್‌ಕ್ಲೆಕ್ಸ್ ಪಾಸಾದರು ಎಂಬುದನ್ನೂ ಹಾಕುತ್ತವೆ.

ಪೂರ್ತಿ ಆನ್‌ಲೈನ್ ಎಂದು ಯಾರಾದರೂ ಹೇಳಿದರೂ ಅಷ್ಟೇ. ಪಾಠ ಆನ್‌ಲೈನ್ ಇರಬಹುದು, ವಾರ್ಡ್ ಆನ್‌ಲೈನ್ ಬರುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 4600 ಗಂಟೆಯ ತರಬೇತಿಯಲ್ಲಿ ಕನಿಷ್ಠ ಅರ್ಧ ರೋಗಿಗಳ ಹತ್ತಿರವೇ ಆಗಬೇಕು. ಆಸ್ಟ್ರೇಲಿಯಾದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಕನಿಷ್ಠ 800 ಗಂಟೆ.

ಆ ಗಂಟೆಗಳಲ್ಲಿ ಏನು ಮಾಡುತ್ತಾರೆ ಗೊತ್ತಾ? ಒಂದು ಕೆಲಸ ಹತ್ತಿರದಿಂದ ನೋಡಿ. ಏಳಲಾಗದ ರೋಗಿಯನ್ನು ಮಗ್ಗುಲು ತಿರುಗಿಸಬೇಕು. ಮೊದಲು ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸುತ್ತೀರಿ, ಇಲ್ಲದಿದ್ದರೆ ನಾಳೆ ನಿಮ್ಮ ಬೆನ್ನು ಹಿಡಿಯುತ್ತದೆ. ಏನು ಮಾಡುತ್ತೇನೆ ಎಂದು ಅವರಿಗೆ ಹೇಳುತ್ತೀರಿ, ಅವರಿಗೆ ಕೇಳಿಸುತ್ತಿಲ್ಲ ಅನ್ನಿಸಿದರೂ ಹೇಳುತ್ತೀರಿ. ಆಚೆ ಬದಿಯ ಮೊಣಕಾಲು ಮಡಿಸಿ, ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ, ಎದುರಿನವರ ಜೊತೆ ಒಂದು ಎರಡು ಮೂರು ಎಂದು ನಿಮ್ಮ ಕಡೆಗೆ ಹೊರಳಿಸುತ್ತೀರಿ. ಆಮೇಲೆ ಬೆನ್ನಿನ ಕೆಳಗಿನ ಮೂಳೆಯ ಹತ್ತಿರ, ಹಿಮ್ಮಡಿಯ ಹತ್ತಿರ ಚರ್ಮ ನೋಡುತ್ತೀರಿ. ಕೆಂಪಗಿದ್ದರೆ ಬೆರಳಿನಿಂದ ಒತ್ತಿ ಬಿಡುತ್ತೀರಿ. ಒತ್ತಿದಾಗ ಬಿಳಿಚಿಕೊಂಡರೆ ಪರವಾಗಿಲ್ಲ, ಕೆಂಪು ಹಾಗೇ ಉಳಿದರೆ ಅಲ್ಲಿ ಹುಣ್ಣು ಶುರುವಾಗುತ್ತಿದೆ ಎಂದರ್ಥ, ಬರೆದಿಡಬೇಕು, ಹೇಳಬೇಕು. ಒದ್ದೆಯಾಗಿದ್ದರೆ ಒರೆಸಿ ಒಣಗಿಸಬೇಕು. ಕೆಲವು ಗಂಟೆ ಬಿಟ್ಟು ಮತ್ತೆ ಇದೇ ಕೆಲಸ.

ಇದನ್ನು ಓದಿ ಹೇಸಿಗೆ ಅನ್ನಿಸಿದರೆ ತಪ್ಪೇನಿಲ್ಲ, ಆದರೆ ಫೀಸು ಕಟ್ಟುವ ಮುಂಚೆ ಗೊತ್ತಾದದ್ದು ಒಳ್ಳೆಯದಾಯಿತು. ಮೊದಲ ಮೆಟ್ಟಿಲಿನ ಸಹಾಯಕರ ಕೆಲಸಕ್ಕೆ ಮೂರು ತಿಂಗಳು ಹೋಗಿ ಬರುವುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ರಾತ್ರಿ ಡ್ಯೂಟಿ ದೇಹಕ್ಕೆ ಒಗ್ಗುತ್ತದಾ, ಹನ್ನೆರಡು ಗಂಟೆ ನಿಂತರೆ ಕಾಲು ಏನು ಹೇಳುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಹಳೆಯ ಕೆಲಸದ ಅನುಭವ ವ್ಯರ್ಥ ಎಂದುಕೊಳ್ಳಬೇಡಿ. ಲೆಕ್ಕಪತ್ರ ಬರೆದು ಬಂದವರಿಗೆ ವಾರ್ಡಿನಲ್ಲಿ ಒಂದು ಕಡೆ ಲಾಭ ಇದೆ. 1 ಲೀಟರ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ 1 ಮಿಲಿಲೀಟರಿಗೆ 20 ಹನಿ. 1000 ಮಿಲಿಲೀಟರ್ ಅಂದರೆ 20,000 ಹನಿ, 8 ಗಂಟೆ ಅಂದರೆ 480 ನಿಮಿಷ, ಭಾಗಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 42. ವಾಚು ಹಿಡಿದು 15 ಸೆಕೆಂಡಿಗೆ 10 ಅಥವಾ 11 ಹನಿ ಬೀಳುವಂತೆ ಗಾಲಿ ತಿರುಗಿಸಬೇಕು. ಇಷ್ಟೇ ಗಣಿತ. ತರಗತಿಯಲ್ಲಿ ಎಷ್ಟೋ ಜನ ಇದಕ್ಕೇ ಹೆದರುತ್ತಾರೆ. ಟೀಚರ್ ಆಗಿದ್ದವರು ಡಿಸ್ಚಾರ್ಜ್ ಆಗುವ ರೋಗಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಕಲಿಸುತ್ತಾರೆ. ಅಂಗಡಿಯಲ್ಲಿ ಸಿಟ್ಟಿನ ಗಿರಾಕಿಗಳನ್ನು ಕಂಡವರಿಗೆ ಸಿಟ್ಟಿನ ಸಂಬಂಧಿಕರು ಹೊಸಬರಲ್ಲ.

ಫೀಸಿನ ಆಚೆ ಚಿಲ್ಲರೆ ಖರ್ಚುಗಳು ಸಾಲಾಗಿ ಬರುತ್ತವೆ, ಒಟ್ಟು ಮಾಡಿದರೆ ಚಿಲ್ಲರೆ ಇರುವುದಿಲ್ಲ. ಯೂನಿಫಾರ್ಮ್, ಜಾರದ ಶೂ, ಸ್ಟೆತಸ್ಕೋಪ್, ಪೊಲೀಸ್ ವೆರಿಫಿಕೇಷನ್, ಪೋಸ್ಟಿಂಗ್ ಇರುವ ಆಸ್ಪತ್ರೆಗೆ ಓಡಾಟ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ದುಡ್ಡು, ಪರೀಕ್ಷೆ ಫೀಸು. ಎನ್‌ಕ್ಲೆಕ್ಸ್ ಒಂದಕ್ಕೇ 200 ಡಾಲರ್. ಅಮೆರಿಕದ ಕಾಲೇಜುಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಅನಾಟಮಿ, ಮೈಕ್ರೊಬಯಾಲಜಿ ಮುಂತಾದವನ್ನು ಮೊದಲೇ ಓದಿ ಬರಬೇಕು, ಮತ್ತು ಎಷ್ಟೋ ಕಾಲೇಜುಗಳು ಐದಾರು ವರ್ಷಕ್ಕಿಂತ ಹಳೆಯ ಸೈನ್ಸ್ ಅಂಕಗಳನ್ನು ಒಪ್ಪುವುದಿಲ್ಲ. ಯಾವ ಕಾಲೇಜಿಗೆ ಸೇರುತ್ತೀರಿ ಎಂದು ಗೊತ್ತಾಗದೆ ಈ ಪೇಪರುಗಳನ್ನು ಓದಿ ಮುಗಿಸಿದರೆ ಎರಡು ಸಲ ದುಡ್ಡು ಕೊಟ್ಟು ಎರಡು ಸಲ ಓದಬೇಕಾದೀತು.

ಲಸಿಕೆ ವಿಷಯ ಬಹಳ ಜನ ಮರೆಯುತ್ತಾರೆ. ವಾರ್ಡಿಗೆ ಕಳಿಸುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಎಂದು ಕೇಳುತ್ತಾರೆ. ಮಾಮೂಲಿ ಪದ್ಧತಿಯಲ್ಲಿ ಅದು ಮೂರು ಡೋಸ್. ಮೊದಲನೆಯದು ಇವತ್ತು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಸೀಟು ಸಿಕ್ಕಿದ ಮೇಲೆ ಶುರು ಮಾಡಿದರೆ ಪೋಸ್ಟಿಂಗ್ ತಡವಾಗಬಹುದು. ಹಾಗಾಗಿ ಅರ್ಜಿ ತುಂಬುವ ವಾರವೇ ಮೊದಲ ಡೋಸ್ ತೆಗೆದುಕೊಂಡುಬಿಡಿ, ಕಾಲೇಜಿಗೆ ಫೋನ್ ಮಾಡಿದಾಗ ಫೀಸಿನ ಜೊತೆ ಇದನ್ನೂ ಕೇಳಿ: ಮೊದಲ ಪೋಸ್ಟಿಂಗ್ ಯಾವ ತಿಂಗಳು, ಬೆಳಗ್ಗೆ ಎಷ್ಟು ಗಂಟೆಗೆ, ಮತ್ತು ಆ ಹೊತ್ತಿಗೆ ಅಲ್ಲಿಗೆ ಬಸ್ಸು ಇದೆಯಾ.